ಹೆಸರು ಸೂಚಿಸುವವರು ಯಾರು?

ಬಹುಮಾನಕ್ಕೆ ಅರ್ಜಿ ಹಾಕಿ ಅಂತ ಸುಲಭವಾಗಿ ಹೇಳ್ತಾರೆ. ಅಂತರರಾಷ್ಟ್ರೀಯ ಬಹುಮಾನಗಳ ಮಟ್ಟಿಗೆ ಈ ಮಾತು ಅರ್ಧ ಸುಳ್ಳು. ಶಿಕ್ಷಣ, ವಿಜ್ಞಾನ, ಸಾಹಿತ್ಯಕ್ಕೆ ಕೊಡುವ ದೊಡ್ಡ ಬಹುಮಾನಗಳಲ್ಲಿ ಹಲವಕ್ಕೆ, ಕೆಲಸ ಮಾಡಿದವರು ತಮ್ಮ ಹೆಸರನ್ನು ತಾವೇ ಕಳಿಸುವ ಹಾಗಿಲ್ಲ. ಬೇರೆ ಯಾರೋ ಸೂಚಿಸಬೇಕು. ಆ 'ಯಾರೋ' ಯಾರು ಎಂಬುದು ದಲಿತ ವಿಮರ್ಶೆ ಕೇಳಲೇಬೇಕಾದ ಪ್ರಶ್ನೆ.

ಯುನೆಸ್ಕೋದ ಕಿಂಗ್ ಸೆಜಾಂಗ್ ಸಾಕ್ಷರತಾ ಬಹುಮಾನವನ್ನೇ ನೋಡೋಣ. ದಕ್ಷಿಣ ಕೊರಿಯಾ ಸರ್ಕಾರದ ಹಣದಿಂದ 1989ರಲ್ಲಿ ಶುರುವಾದದ್ದು. ಸೆಜಾಂಗ್ ಹದಿನೈದನೇ ಶತಮಾನದ ಕೊರಿಯಾದ ದೊರೆ. ಆಗ ಅಲ್ಲಿ ಓದುಬರಹ ಅಂದರೆ ಚೀನೀ ಲಿಪಿ. ಅದು ಮೇಲಿನವರ ಸೊತ್ತು. ಸಾಮಾನ್ಯರೂ ಕಲಿಯಲಿ ಅಂತ ಅವನು 28 ಅಕ್ಷರಗಳ ಹೊಸ ಲಿಪಿಯನ್ನು 1446ರಲ್ಲಿ ಜಾರಿಗೆ ತಂದ. ಆಸ್ಥಾನದ ಪಂಡಿತರು ವಿರೋಧಿಸಿದ್ದರು. ಕೇರಿಯವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದೊರೆಯ ಹೆಸರಿನ ಬಹುಮಾನ ಮಾತೃಭಾಷೆಯ ಸಾಕ್ಷರತೆಗೆ ವಿಶೇಷ ಒತ್ತು ಕೊಡುತ್ತದೆ.

ಆದರೆ ಅರ್ಜಿ ಮಾತ್ರ ಇಂಗ್ಲಿಷ್ ಅಥವಾ ಫ್ರೆಂಚಿನಲ್ಲೇ ಇರಬೇಕು! ಅದನ್ನು ಯುನೆಸ್ಕೋಗೆ ಮುಟ್ಟಿಸಲು ಇರುವ ದಾರಿ ಎರಡೇ. ಒಂದು, ಸದಸ್ಯ ದೇಶದ ಸರ್ಕಾರ, ಅಂದರೆ ಅದರ ರಾಷ್ಟ್ರೀಯ ಆಯೋಗ. ನಮ್ಮಲ್ಲಿ ಅದು ದಿಲ್ಲಿಯ ಶಿಕ್ಷಣ ಸಚಿವಾಲಯದ ಕೆಳಗಿದೆ. ಎರಡು, ಯುನೆಸ್ಕೋ ಜೊತೆ ಅಧಿಕೃತ ಸಂಬಂಧ ಇರುವ ಸರ್ಕಾರೇತರ ಸಂಸ್ಥೆ. ಕೇರಿಯಲ್ಲಿ ರಾತ್ರಿ ಶಾಲೆ ನಡೆಸುವ ಸಂಘಕ್ಕೆ ಈ ಎರಡೂ ಬಾಗಿಲು ದೂರ. ಬಾಗಿಲ ಮೇಲೆ ಜಾತಿ ಬರೆದಿಲ್ಲ, ನಿಜ. ಆದರೆ ದಿಲ್ಲಿಯ ಪರಿಚಯ, ಇಂಗ್ಲಿಷು, ಕಾಗದಪತ್ರ ತಲೆಮಾರುಗಳಿಂದ ಯಾರ ಮನೆಯಲ್ಲಿವೆ ಅನ್ನೋದು ಗೊತ್ತಿರುವ ವಿಷಯವೇ.

ಸಾಹಿತ್ಯದಲ್ಲೂ ಹೀಗೇ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಬಂಡಾಯದ ಒಳಗಿಂದ ಬಂದ ಲೇಖಕಿ ಅಂತ ನಾವೆಲ್ಲ ಹಿಗ್ಗಿದೆವು. ಈ ಬಹುಮಾನಕ್ಕೆ ಪುಸ್ತಕ ಕಳಿಸುವವರು ಪ್ರಕಾಶಕರು, ಲೇಖಕರಲ್ಲ. ಪುಸ್ತಕ ಇಂಗ್ಲಿಷಿಗೆ ಅನುವಾದವಾಗಿ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಬೇಕು. ದೀಪಾ ಭಾಸ್ತಿ ಅವರ ಅನುವಾದ, ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನ ಇಲ್ಲದಿದ್ದರೆ ಆ ಕಥೆಗಳು ತೀರ್ಪುಗಾರರ ಕೈಗೇ ಹೋಗ್ತಿರಲಿಲ್ಲ. 50,000 ಪೌಂಡಿನಲ್ಲಿ ಅರ್ಧ ಅನುವಾದಕಿಗೆ ಸಂದದ್ದು ನ್ಯಾಯವೇ. ಕನ್ನಡದಲ್ಲೇ ಉಳಿದ ದಲಿತ ಕಥೆ ಎಷ್ಟೇ ದೊಡ್ಡದಿರಲಿ, ಅದು ಅಲ್ಲಿ ಸೋಲುವುದಿಲ್ಲ, ಸ್ಪರ್ಧೆಯಲ್ಲೇ ಇರುವುದಿಲ್ಲ. ಆಮೇಲೆ ನಮ್ಮ ವಿಮರ್ಶಕರು 'ಗುಣಮಟ್ಟ'ದ ಮಾತಾಡುತ್ತಾರೆ.

ಬಹುಮಾನವೇ ಬೇಡ ಅನ್ನುವುದೂ ಒಂದು ನಿಲುವು. ಆದರೆ ಕೊಡಲು ಬಂದಾಗ ತಾನೇ ಬೇಡ ಅನ್ನೋದಕ್ಕೆ ಅರ್ಥ?

ಹಾಗಾಗಿ ಸಂಘಗಳು ಮೊದಲ ದಿನದಿಂದಲೇ ದಾಖಲೆ ಇಡಬೇಕು: ಎಷ್ಟು ಜನ ಸೇರಿದರು, ಎಷ್ಟು ಜನ ಓದಲು ಕಲಿತರು, ಅದರಿಂದ ಏನು ಬದಲಾಯ್ತು. ಪ್ರಕಟಣೆ ಬಂದ ಕೂಡಲೇ ಆಯೋಗಕ್ಕೆ ಬರೆಯಬೇಕು. ಅವರು ಪರಿಶೀಲಿಸಿ ಕಳಿಸಲಿಕ್ಕೂ ದಿನ ಬೇಕು. ದೇಶದಿಂದ ಯಾರ ಹೆಸರು ಹೋಯ್ತು, ಯಾರದು ಹೋಗಲಿಲ್ಲ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಕೇಳಬೇಕು. ಇನ್ನು ಇಂಗ್ಲಿಷ್ ಕಲಿತ ನಮ್ಮ ಅಧ್ಯಾಪಕರು, ವಿದ್ಯಾರ್ಥಿಗಳು ವರ್ಷಕ್ಕೆ ಒಂದು ಕಥೆಯನ್ನೋ ಒಂದು ಸಂಘದ ವರದಿಯನ್ನೋ ಅನುವಾದಿಸಲಿ. ಸೆಮಿನಾರ್ ಪ್ರಬಂಧದಷ್ಟೇ ಇದೂ ವಿಮರ್ಶೆಯ ಕೆಲಸ.