ಇಂಧನದ ಖರ್ಚು ಮತ್ತು ಚಾಲಕನ ಪಾದ

ಸಣ್ಣ ಉದ್ದಿಮೆಗಳ ಲಾಭ-ನಷ್ಟದ ಪಟ್ಟಿಯಲ್ಲಿ ಪೆಟ್ರೋಲು, ರಿಪೇರಿ, ಟೈರು, ವಿಮೆ ಎಲ್ಲವೂ ‘ವಾಹನ ವೆಚ್ಚ’ ಎಂಬ ಒಂದೇ ಸಾಲಿನಲ್ಲಿ ಅಡಗಿಹೋಗುತ್ತವೆ. ಕಚ್ಚಾ ಮಾಲಿನ ದರದಲ್ಲಿ ಐವತ್ತು ಪೈಸೆಗೂ ಚೌಕಾಸಿ ಮಾಡುವ ಮಾಲೀಕರು ಈ ಸಾಲನ್ನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಆದರೆ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಪೆಟ್ರೋಲು, ಡೀಸೆಲ್‌ಗಳು ಅದರ ಹೊರಗೇ ಉಳಿದವು. ಆದ್ದರಿಂದ ಇವುಗಳ ಮೇಲೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಬಂಕಿನಲ್ಲಿ ಕೊಟ್ಟ ಹಣವೆಲ್ಲ ವೆಚ್ಚವೇ.

ತಿಂಗಳಿಗೆ 1,650 ಕಿ.ಮೀ. ಓಡುವ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತಿದೆಯೆಂದು ಭಾವಿಸೋಣ. ಅದು 16.5ಕ್ಕೆ ಏರಿದರೆ 10 ಲೀಟರ್ ಉಳಿಯುತ್ತದೆ. ಲೀಟರಿಗೆ 100 ರೂ.ನಂತೆ ಹಿಡಿದರೆ ವರ್ಷಕ್ಕೆ 12,000 ರೂ. ನೂರಕ್ಕೆ ನಾಲ್ಕು ರೂಪಾಯಿ ನಿವ್ವಳ ಉಳಿಯುವ ವ್ಯಾಪಾರದಲ್ಲಿ ಇಷ್ಟನ್ನು ಗಳಿಸಲು ಮೂರು ಲಕ್ಷ ರೂ. ವಹಿವಾಟು ಬೇಕು.

ಈ ಉಳಿತಾಯ ಬಹುಪಾಲು ಚಾಲಕನ ಬಲಗಾಲಿನಲ್ಲಿದೆ. ಇಂಧನ ಸುಟ್ಟು ಗಳಿಸಿದ ವೇಗವನ್ನು ಬ್ರೇಕು ಶಾಖವಾಗಿಸಿ ಕಳೆಯುತ್ತದೆ. ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುವವನಿಗೂ, ಅಲ್ಲಿಯವರೆಗೆ ಧಾವಿಸಿ ಬ್ರೇಕು ಒತ್ತುವವನಿಗೂ ತಲುಪುವ ಸಮಯ ಒಂದೇ, ಖರ್ಚು ಬೇರೆ. ಹೆದ್ದಾರಿಯಲ್ಲಿ ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, 80ರಿಂದ 100 ಕಿ.ಮೀ.ಗೆ ಏರಿದಾಗ ಅದು ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಟೈರಿನ ಗಾಳಿ ಕಡಿಮೆಯಿದ್ದರೂ ನಷ್ಟವೇ.

ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಉಳಿತಾಯವೆಂಬ ನಂಬಿಕೆ ಹಳೆಯ ಚಾಲಕರಲ್ಲಿ ಇನ್ನೂ ಗಟ್ಟಿಯಾಗಿದೆ. ಕಾರ್ಬ್ಯುರೇಟರ್ ಕಾಲದ ಈ ಲೆಕ್ಕ ಇಂದಿನ ವಾಹನಕ್ಕೆ ಹೊಂದುವುದಿಲ್ಲ. ಫ್ಯೂಯಲ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನದ ಪೂರೈಕೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ತನ್ನನ್ನು ಚಾಲೂ ಇಟ್ಟುಕೊಳ್ಳಲು ಇಂಧನ ಕುಡಿಯುತ್ತಲೇ ಇರುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕು ಕಾಯುವ ಅಪಾಯ ಬೇರೆ. ಕೀಲಿಯನ್ನೇ ಆರಿಸುವುದಂತೂ ಪ್ರಾಣಾಪಾಯ: ಬ್ರೇಕಿಗೂ ಪವರ್ ಸ್ಟಿಯರಿಂಗಿಗೂ ದೊರೆಯುವ ನೆರವು ಅದರೊಂದಿಗೇ ಹೋಗುತ್ತದೆ.

ಮಾಲೀಕರು ಇದನ್ನು ಅಳೆಯಲು ಪ್ರತಿ ವಾಹನಕ್ಕೊಂದು ಪುಸ್ತಕ ಸಾಕು. ಪ್ರತಿ ಸಲವೂ ಟ್ಯಾಂಕು ಪೂರ್ತಿ ತುಂಬಿಸಿ, ಮೀಟರಿನ ಅಂಕಿ, ಲೀಟರು ಮತ್ತು ಚಾಲಕನ ಹೆಸರು ಬರೆಯಬೇಕು. ‘ಐನೂರಕ್ಕೆ ಹಾಕು’ ಎನ್ನುವ ಪದ್ಧತಿಯಲ್ಲಿ ಈ ಲೆಕ್ಕ ಎಂದಿಗೂ ಕೂಡಿಬರದು. ಉಳಿತಾಯದಲ್ಲಿ ಚಾಲಕನಿಗೆ ಪಾಲು ಕೊಡುವುದಾದರೆ ಆ ಮೊತ್ತವನ್ನು ಪೆಟ್ರೋಲಿನ ಖಾತೆಗೆ ಸೇರಿಸದೆ ಸಂಬಳದ ಖಾತೆಯಲ್ಲಿಯೇ ಬರೆಯತಕ್ಕದ್ದು.