ತಾಯಿಯ ಚೇತರಿಕೆ

ಗರ್ಭಕೋಶವನ್ನು ತೆಗೆಯುವಂತಹ ಉದರದ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ತಾಯಿಯು ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳುತ್ತಾಳೆ. ಹೊರಗಿನ ಗಾಯವು ಬೇಗನೆ ಮಾಯ್ದಂತೆ ಕಂಡರೂ ಒಳಗಿನ ಪದರಗಳು ಬಲಗೊಳ್ಳಲು ಸುಮಾರು 6 ವಾರಗಳಾದರೂ ಬೇಕು. ಅದಕ್ಕೆ ಮೊದಲೇ ಆಕೆ ತುಂಬಿದ ಕೊಡವನ್ನೆತ್ತಿದರೆ ಹೊಲಿಗೆಯ ಮೇಲೆ ಒತ್ತಡ ಬಿದ್ದು, ಮುಂದೆ ಕರುಳು ಹೊರಚಾಚುವ ಹರ್ನಿಯಾ ಉಂಟಾಗಬಹುದು.

ಆದರೆ ವಿಶ್ರಾಂತಿಯೆಂದರೆ ಸದಾ ಮಲಗಿರುವುದಲ್ಲ. ನಿಶ್ಚಲವಾಗಿ ಮಲಗಿದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ವೈದ್ಯರ ಸಲಹೆಯಂತೆ ಮನೆಯವರು ಆಕೆಯನ್ನು ದಿನಕ್ಕೆ ಹಲವು ಬಾರಿ ಮೆಲ್ಲನೆ ನಡೆದಾಡಿಸಬೇಕು. ಕೆಮ್ಮು ಬಂದಾಗ ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿದರೆ ನೋವು ಕಡಿಮೆಯಾಗುತ್ತದೆ. ಗಾಯಕ್ಕೆ ನಂಜೇರುವುದೆಂದು ಬೇಳೆ, ಮೊಟ್ಟೆಗಳನ್ನು ಬಿಡಿಸುವುದು ತಪ್ಪು. ಹೊಸ ಅಂಗಾಂಶ ಬೆಳೆಯಲು ಅವುಗಳಲ್ಲಿರುವ ಪ್ರೋಟೀನು ಅಗತ್ಯ. ಗಾಯವನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಜ್ವರ, ಕೀವು, ಕಾಲಿನ ಬಾವು, ಉಸಿರಿನ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎಲ್ಲರ ಊಟವಾದ ಬಳಿಕ ಉಣ್ಣುವುದು, ನೋವನ್ನು ಬಾಯಿಬಿಟ್ಟು ಹೇಳದಿರುವುದು ಅನೇಕ ತಾಯಂದಿರ ರೂಢಿ. ಮನೆಗೆಲಸ ನಿಂತಿತೆಂಬ ಚಿಂತೆಯೇ ಆಕೆಯನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ಆಕೆ ಕೇಳುವುದಕ್ಕೆ ಮೊದಲೇ ಪತಿಯು ಒಲೆ ಹಚ್ಚಿದರೆ, ಮಕ್ಕಳು ನೀರು ಹೊತ್ತು ತಂದರೆ, ಆಕೆಯ ಗಾಯಕ್ಕೆ ಮಾಯುವ ಅವಕಾಶ ದೊರೆಯುತ್ತದೆ.