ಕರೆಗೆ ಓಗೊಟ್ಟ ಶಿಕ್ಷಕರು

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ನ್ಯೂ ಅಲ್ಮ್ ಎಂಬ ಊರಿದೆ. ಜರ್ಮನಿಯಿಂದ ವಲಸೆ ಬಂದವರು ಕಟ್ಟಿದ ಊರು. ಅಲ್ಲಿನ ಗುಡ್ಡದ ಮೇಲೆ ಮಾರ್ಟಿನ್ ಲೂಥರ್ ಕಾಲೇಜು. ಪ್ರತಿ ವರ್ಷ ಮೇ ತಿಂಗಳಲ್ಲಿ, ಶಿಕ್ಷಕ ಪದವಿ ಮುಗಿಸಿದ ಹುಡುಗ ಹುಡುಗಿಯರು ಅಲ್ಲಿ ಒಂದು ಆರಾಧನೆಗೆ ಸೇರುತ್ತಾರೆ. ಮುಂದಿನಿಂದ ಒಬ್ಬೊಬ್ಬರ ಹೆಸರು ಓದುತ್ತಾರೆ. ಹೆಸರಿನ ಬೆನ್ನಿಗೇ ಒಂದು ಶಾಲೆಯ ಹೆಸರು, ಒಂದು ಊರಿನ ಹೆಸರು. ವಿಸ್ಕಾನ್ಸಿನ್‌ನ ಹೈನುಗಾರರ ಮಗಳಿಗೆ ದೂರದ ಅರಿಜೋನಾದಲ್ಲಿ ಅಪಾಚೆ ಬುಡಕಟ್ಟಿನ ಮಕ್ಕಳು ಓದುವ ಶಾಲೆ ಸಿಗಬಹುದು. ತವರಿನ ಪಕ್ಕದ ಊರೇ ಸಿಗಲೂಬಹುದು. ಆ ಕೆಲಸಕ್ಕೆ ಇವರು ಅರ್ಜಿ ಹಾಕಿಲ್ಲ. ತಮಗೆ ಶಿಕ್ಷಕರು ಬೇಕೆಂದು ಊರೂರಿನ ಚರ್ಚು ಸಭೆಗಳು ಕೇಳಿರುತ್ತವೆ. ಯಾರು ಎಲ್ಲಿಗೆ ಎಂದು ಚರ್ಚಿನ ಹಿರಿಯರ ಸಮಿತಿಯೊಂದು ಕೂತು ನಿರ್ಧರಿಸಿರುತ್ತದೆ. ಅಂದು ಹೆಸರು ಬಾರದವರು ಕಾಯುತ್ತಾರೆ.

ಇದನ್ನು ಅವರು ನೇಮಕ ಎನ್ನುವುದಿಲ್ಲ, ‘ಕರೆ’ ಎನ್ನುತ್ತಾರೆ. ಕರೆದದ್ದು ಸಭೆ, ಸಭೆಯ ಮೂಲಕ ದೇವರು ಎಂಬುದು ಅವರ ನಂಬಿಕೆ. ಆ ನಂಬಿಕೆ ನಮ್ಮದಾಗಬೇಕಿಲ್ಲ. ಆದರೆ ಮಕ್ಕಳ ಮುಂದೆ ನಿಲ್ಲುವ ಒಬ್ಬ ವ್ಯಕ್ತಿಯನ್ನು ಹೇಗೆ ತಯಾರು ಮಾಡಬೇಕು, ಈತ ಅರ್ಹ ಎಂದು ಯಾರು ಹೇಳಬೇಕು, ಹೇಳಿದ ಮೇಲೆ ಅವನ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು, ಧರ್ಮಸುಧಾರಕ ಮಾರ್ಟಿನ್ ಲೂಥರನ ಹಾದಿ ಹಿಡಿದ ಲೂಥರನ್ ಶಾಲೆಗಳು ಐನೂರು ವರ್ಷಗಳಿಂದ ಬಿಡದೆ ಕೇಳಿಕೊಂಡು ಬಂದಿವೆ. ಶಾಲೆಯ ಮೇಲೆ ಅಕ್ಕರೆ ಇರುವ ಯಾರಿಗಾದರೂ ಆ ಉತ್ತರಗಳ ಕತೆ ತಿಳಿಯಬೇಕಾದದ್ದು.

ತಪಾಸಣೆಯಿಂದ ಹುಟ್ಟಿದ ಪುಸ್ತಕ

1524ರಲ್ಲಿ ಮಾರ್ಟಿನ್ ಲೂಥರ್ ಜರ್ಮನಿಯ ನಗರಸಭೆಗಳಿಗೆ ಒಂದು ದೀರ್ಘ ಪತ್ರ ಬರೆದು ಅಚ್ಚು ಹಾಕಿಸಿದ. ಮಕ್ಕಳಿಗೆ ಶಾಲೆ ತೆರೆಯಿರಿ, ಹೆಣ್ಣುಮಕ್ಕಳಿಗೂ ತೆರೆಯಿರಿ ಎಂಬುದು ಅದರ ಸಾರ. ಕೋಟೆ, ಸೇತುವೆ, ರಸ್ತೆಗಳಿಗೆ ಹಣ ಸುರಿಯುವ ನಗರಗಳು ಮಕ್ಕಳ ಓದಿಗೂ ಸುರಿಯಬೇಕು ಎಂದು ಅವನು ವಾದಿಸಿದ.

ಆಮೇಲೆ ಜರ್ಮನಿಯ ಸ್ಯಾಕ್ಸನಿಯಲ್ಲಿ ಚರ್ಚು, ಶಾಲೆಗಳನ್ನು ನೋಡಲು ಊರೂರಿಗೆ ತಪಾಸಣಾ ತಂಡಗಳು ಹೊರಟವು. ಆ ತಂಡಗಳಿಗೆ ಬೇಕಾದ ಸೂಚನೆಗಳನ್ನು ಬರೆದವನು ಲೂಥರನ ಸಂಗಾತಿ, ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಾಪಕ ಫಿಲಿಪ್ ಮೆಲಾಂಖ್ತನ್. 1528ರಲ್ಲಿ ಅಚ್ಚಾದ ಆ ಪುಸ್ತಿಕೆಯಲ್ಲಿ ಶಾಲೆಗೇ ಒಂದು ಭಾಗವಿದೆ: ಮಕ್ಕಳನ್ನು ಮೂರು ಗುಂಪು ಮಾಡಿ, ಯಾವ ಗುಂಪಿಗೆ ಏನು ಕಲಿಸಬೇಕು ಎಂಬ ವಿವರ. ತಪಾಸಣೆಗೆ ಲೂಥರನೂ ಹೋದ. ಹಳ್ಳಿಗಳಲ್ಲಿ ಕಂಡದ್ದು ಅವನನ್ನು ಕಂಗೆಡಿಸಿತು. ಜನರಿಗೆ ಬಿಡಿ, ಕಲಿಸಬೇಕಾದ ಪಾದ್ರಿಗಳಿಗೇ ಧರ್ಮದ ಮೂಲ ಪಾಠ ಬರುತ್ತಿರಲಿಲ್ಲ. ಆ ಸಂಕಟದಲ್ಲಿ 1529ರಲ್ಲಿ ಅವನು ಬರೆದದ್ದೇ ‘ಕಿರು ಕ್ಯಾಟಿಕಿಸಂ’. ಮನೆಯಲ್ಲಿ, ಶಾಲೆಯಲ್ಲಿ ಬಾಯಿಪಾಠ ಮಾಡಿಸಬಹುದಾದ ಪುಟ್ಟ ಪ್ರಶ್ನೋತ್ತರ ಪುಸ್ತಕ. ಲೂಥರನ್ ಶಾಲೆಗಳಲ್ಲಿ ಅದನ್ನು ಇಂದಿಗೂ ಕಲಿಸುತ್ತಾರೆ.

ಮೊದಲು ಹೋಗಿ ನೋಡು, ಕೊರತೆ ಎಲ್ಲಿದೆ ಎಂದು ಬರೆದುಕೋ, ಆಮೇಲೆ ಕಲಿಸುವವನಿಗೆ ಕಲಿಸು. ಈ ಕ್ರಮ ಅಂದೇ ನೆಲೆಗೊಂಡಿತು.

ಆರ್ಗನ್ ನುಡಿಸಬೇಕಿದ್ದ ಮೇಷ್ಟ್ರು

1839ರಲ್ಲಿ ಸ್ಯಾಕ್ಸನಿಯ ಕೆಲವು ನೂರು ಲೂಥರನ್ನರು ಅಟ್ಲಾಂಟಿಕ್ ದಾಟಿ ಅಮೆರಿಕದ ಮಿಸೌರಿ ರಾಜ್ಯದ ಪೆರಿ ಕೌಂಟಿಗೆ ಬಂದು ನೆಲೆಸಿದರು. ಸರ್ಕಾರ ತಮ್ಮ ಆರಾಧನೆಯಲ್ಲಿ ಕೈಹಾಕುವುದು ಬೇಡವೆಂದು ನಾಡು ಬಿಟ್ಟವರು. ಹೊಸ ನೆಲದಲ್ಲಿ ಜ್ವರ, ಸಾವು, ಹಣದ ಮುಗ್ಗಟ್ಟು. ಆದರೂ ಬಂದ ವರ್ಷವೇ ಮರದ ದಿಮ್ಮಿಗಳನ್ನು ಜೋಡಿಸಿ ಒಂದು ಕೋಣೆಯ ಶಾಲೆ ಎಬ್ಬಿಸಿದರು. ಆ ಗುಡಿಸಲು ಆಲ್ಟೆನ್‌ಬರ್ಗ್ ಊರಿನಲ್ಲಿ ಈಗಲೂ ನಿಂತಿದೆ. 1847ರಲ್ಲಿ ಇವರೂ ಇತರ ಜರ್ಮನ್ ಸಭೆಗಳೂ ಶಿಕಾಗೊದಲ್ಲಿ ಸೇರಿ ಒಕ್ಕೂಟ ಕಟ್ಟಿಕೊಂಡರು. ಇಂದು ಅದರ ಹೆಸರು ಮಿಸೌರಿ ಸಿನಡ್. ಮೊದಲ ಅಧ್ಯಕ್ಷ ಸಿ.ಎಫ್.ಡಬ್ಲ್ಯು. ವಾಲ್ಥರ್. ಸಭೆ ಇದ್ದಲ್ಲಿ ಶಾಲೆ ಇರಬೇಕು ಎಂಬುದು ಅವರ ಪಟ್ಟು. ಎಷ್ಟೋ ಕಡೆ ಪಾದ್ರಿಯೇ ಮೇಷ್ಟ್ರು.

ಶಾಲೆ ಹೆಚ್ಚಿದಂತೆ ಪಾದ್ರಿಗಳು ಸಾಲದಾದರು. 1864ರಲ್ಲಿ ಶಿಕಾಗೊದ ಪಶ್ಚಿಮಕ್ಕಿರುವ ಆಡಿಸನ್ ಎಂಬ ಹಳ್ಳಿಯಲ್ಲಿ ಶಿಕ್ಷಕರ ಸೆಮಿನರಿ ತೆರೆಯಿತು. ಮರುವರ್ಷವೇ ಶಿಕ್ಷಕರಿಗಾಗಿ ಜರ್ಮನ್ ಭಾಷೆಯಲ್ಲಿ ಒಂದು ಮಾಸಪತ್ರಿಕೆ ಹೊರಟಿತು. ಸೆಮಿನರಿಗೆ ಬರುತ್ತಿದ್ದವರು ಗಂಡುಹುಡುಗರು ಮಾತ್ರ. ಬೋಧನೆಯ ಜೊತೆಗೆ ಅವರು ಸಂಗೀತ ಕಲಿಯಲೇಬೇಕಿತ್ತು. ಏಕೆಂದರೆ ಹಳ್ಳಿಯ ಲೂಥರನ್ ಮೇಷ್ಟ್ರು ವಾರವಿಡೀ ಮಗ್ಗಿ ಹೇಳಿಕೊಟ್ಟು ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸಬೇಕು, ಗಾಯನವೃಂದ ನಡೆಸಬೇಕು. ಸಾವಾದ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಹಾಡಿಸುವುದೂ ಎಷ್ಟೋ ಕಡೆ ಅವನದೇ ಕೆಲಸ. ಊರಿನ ಹುಟ್ಟು ಸಾವುಗಳ ನಡುವೆ ಓಡಾಡುವ ಮೇಷ್ಟ್ರನ್ನು ತಯಾರು ಮಾಡುವ ಕಾರ್ಯಾಗಾರ ಅದು. 1913ರಲ್ಲಿ ಸೆಮಿನರಿ ರಿವರ್ ಫಾರೆಸ್ಟ್‌ಗೆ ಹೋಯಿತು. ಈಗ ಅದು ಕಾನ್‌ಕಾರ್ಡಿಯ ವಿಶ್ವವಿದ್ಯಾಲಯ, ಶಿಕಾಗೊ. ನೆಬ್ರಾಸ್ಕಾದ ಸೀವರ್ಡ್‌ನಲ್ಲಿ 1894ರಲ್ಲಿ ಇನ್ನೊಂದು ತೆರೆಯಿತು. ನ್ಯೂ ಅಲ್ಮ್‌ನ ಕಾಲೇಜು 1884ರಲ್ಲಿ ಶುರುವಾದದ್ದು; ಅದು ಮಿಸೌರಿಯವರದಲ್ಲ, ಈಗ ವಿಸ್ಕಾನ್ಸಿನ್ ಸಿನಡ್ ಎಂಬ ಬೇರೆ ಒಕ್ಕೂಟದ್ದು.

ಇಪ್ಪತ್ತೈದು ಡಾಲರ್ ದಂಡ

ಈ ಶಾಲೆಗಳಲ್ಲಿ ಎಂಥ ಮನುಷ್ಯರು ಕಲಿಸುತ್ತಿದ್ದರು ಎಂಬುದಕ್ಕೆ ನೆಬ್ರಾಸ್ಕಾದ ಒಂದು ಮಧ್ಯಾಹ್ನ ಸಾಕ್ಷಿ. ಮೊದಲ ಮಹಾಯುದ್ಧ ಅಮೆರಿಕದಲ್ಲಿ ಜರ್ಮನ್ ಭಾಷೆಯ ಮೇಲೆ ದ್ವೇಷ ಎಬ್ಬಿಸಿತ್ತು. ಎಂಟನೇ ತರಗತಿ ದಾಟದ ಮಗುವಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಕೂಡದು ಎಂದು ನೆಬ್ರಾಸ್ಕಾ 1919ರಲ್ಲಿ ಕಾನೂನು ಮಾಡಿತು. ಝಯನ್ ಲೂಥರನ್ ಶಾಲೆಯ ಶಿಕ್ಷಕ ರಾಬರ್ಟ್ ಮೇಯರ್ ಕಾನೂನಿಗೆ ತಾಗದಂತೆ ಮಧ್ಯಾಹ್ನದ ಬಿಡುವಿನಲ್ಲಿ ಜರ್ಮನ್ ಓದಿಸುತ್ತಿದ್ದ. ಅಪ್ಪ ಅಮ್ಮ ಜರ್ಮನ್‌ನಲ್ಲಿ ಪ್ರಾರ್ಥಿಸುವಾಗ ಮಕ್ಕಳು ಮೂಕರಾಗಿ ಕೂರಬಾರದು ಎಂಬುದು ಕಾರಣ. 1920ರ ಮೇ 25ರಂದು ಸರ್ಕಾರಿ ವಕೀಲ ತರಗತಿಯೊಳಗೆ ಬಂದಾಗ ಹತ್ತು ವರ್ಷದ ಹುಡುಗನೊಬ್ಬ ಬೈಬಲ್ ಕತೆಯನ್ನು ಜರ್ಮನ್‌ನಲ್ಲಿ ಓದುತ್ತಿದ್ದ. ಮೇಯರ್ ಪಾಠ ನಿಲ್ಲಿಸಲಿಲ್ಲ. ಇಪ್ಪತ್ತೈದು ಡಾಲರ್ ದಂಡ ಬಿತ್ತು. ದಂಡಕ್ಕೆ ತಲೆಬಾಗದೆ ಮೇಲಿನ ಕೋರ್ಟುಗಳ ಮೆಟ್ಟಿಲು ಹತ್ತಿದ. 1923ರ ಜೂನ್ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಕಲಿಸುವ ಶಿಕ್ಷಕನ ಹಕ್ಕು, ಏನು ಕಲಿಸಬೇಕೆಂದು ಆರಿಸುವ ತಂದೆತಾಯಿಯ ಹಕ್ಕು ಎರಡನ್ನೂ ಎತ್ತಿಹಿಡಿದ ಆ ತೀರ್ಪನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಭಾಷಾ ಮಾಧ್ಯಮದ ವಾದವನ್ನು ದಶಕಗಳಿಂದ ಕೇಳಿ ಬಲ್ಲ ಕನ್ನಡಿಗರಿಗೆ ಆ ಸಣ್ಣ ತರಗತಿಯ ಕತೆ ಹೊರಗಿನದು ಅನಿಸಲಾರದು.

ಎಂಟು ಪಾಠ, ಒಂದು ಮೌಖಿಕ ಪರೀಕ್ಷೆ

ಇಂದು ಮಿಸೌರಿ ಸಿನಡ್‌ನ ಸಭೆಗಳು ಶಿಶುವಿಹಾರಗಳನ್ನೂ ಸೇರಿಸಿ ಸಾವಿರಕ್ಕೂ ಮೀರಿ ಶಾಲೆಗಳನ್ನು ನಡೆಸುತ್ತವೆ. ಅಲ್ಲಿನ ಶಿಕ್ಷಕರು ಎರಡು ಬಗೆ. ಸಂಬಳಕ್ಕೆ ಒಪ್ಪಂದ ಮಾಡಿಕೊಂಡು ಬಂದವರು ಒಂದು ಕಡೆ, ಕರೆ ಪಡೆದು ಬಂದವರು ಇನ್ನೊಂದು ಕಡೆ. ಕಲಿಸುವ ಪಾಠ ಒಂದೇ ಇರಬಹುದು. ಸಭೆಯೊಂದಿಗಿನ ನಂಟು ಬೇರೆ. ಕರೆ ಪಡೆದವರ ಹೆಸರು ಸಿನಡ್‌ನ ಪಟ್ಟಿಯಲ್ಲಿರುತ್ತದೆ. ಅವರಿಗೆ ಧರ್ಮಸೇವಕರ ಸ್ಥಾನವಿದೆ. ಪಾದ್ರಿಯ ಸ್ಥಾನ ಹೆಂಗಸರಿಗೆ ತೆರೆಯದ ಈ ಚರ್ಚಿನಲ್ಲಿ ಶಿಕ್ಷಕಸೇವೆಯ ಈ ಸ್ಥಾನ ಅವರಿಗೆ ತೆರೆದಿದೆ. ಆಡಿಸನ್‌ನಲ್ಲಿ ಗಂಡುಹುಡುಗರೊಂದಿಗೆ ಆರಂಭವಾದ ವೃತ್ತಿಯನ್ನು ಇಂದು ಬಹುಮಟ್ಟಿಗೆ ಹೊತ್ತು ನಡೆಸುತ್ತಿರುವವರು ಅವರೇ.

ಸಿನಡ್‌ನ ಕಾನ್‌ಕಾರ್ಡಿಯ ಹೆಸರಿನ ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಣ ಪದವಿಯ ಜೊತೆಗೆ ಧರ್ಮಶಾಸ್ತ್ರವನ್ನೂ ಓದಿದವರಿಗೆ ಈ ಪಟ್ಟಿಗೆ ನೇರ ದಾರಿ. ಬೇರೆ ಕಡೆ ಓದಿ, ಆಗಲೇ ಲೂಥರನ್ ಶಾಲೆಯಲ್ಲಿ ಕಲಿಸುತ್ತಿರುವವರಿಗೆ ಇನ್ನೊಂದು ದಾರಿಯಿದೆ. ಅದರ ಹೆಸರು ಕಲೋಕ್ವಿ; ಲ್ಯಾಟಿನ್‌ನಲ್ಲಿ ಹಾಗೆಂದರೆ ಕೂಡಿ ಮಾತಾಡುವುದು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ, ಲೂಥರನ್ ಸಿದ್ಧಾಂತ, ಚರ್ಚಿನ ಚರಿತ್ರೆ ಮುಂತಾಗಿ ಎಂಟು ಕಾಲೇಜು ಮಟ್ಟದ ಕೋರ್ಸುಗಳು. ದಿನವಿಡೀ ಪಾಠ ಮಾಡಿ, ಮನೆಯ ಕೆಲಸ ಮುಗಿಸಿ, ರಾತ್ರಿ ಆನ್‌ಲೈನಿನಲ್ಲಿ ಓದುವವರೂ ಉಂಟು. ಆಮೇಲೆ ಅಧ್ಯಾಪಕರ ಮುಂದೆ ಮೌಖಿಕ ಪರೀಕ್ಷೆ. ತೇರ್ಗಡೆಯಾದವರು ಕರೆಗೆ ಅರ್ಹರು.

ಕೊನೆಯ ಘಟ್ಟ ಮೌಖಿಕವಾದದ್ದು ಸರಿ ಎಂದೇ ನನ್ನ ಎಣಿಕೆ. ನಿನಗೆ ಏನು ಗೊತ್ತು ಎಂಬುದು ಕಾಗದದಲ್ಲಿ ತಿಳಿಯುತ್ತದೆ; ಗೊತ್ತಿರುವುದನ್ನು ನೀನು ಹೇಗೆ ಹಿಡಿದುಕೊಂಡಿದ್ದೀಯ ಎಂಬುದು ಎದುರು ಕೂತು ಮಾತಾಡಿದರೆ ತಿಳಿಯುತ್ತದೆ.

ಕರೆಗೆ ತೆತ್ತ ಬೆಲೆ

ಕರೆ ತರುವ ಈ ಮಾನ್ಯತೆಗೆ ಕಹಿ ಮುಖವೂ ಇದೆ. ಮಿಶಿಗನ್‌ನ ರೆಡ್‌ಫರ್ಡ್‌ನಲ್ಲಿ ಹೊಸಾನಾ-ಟೇಬರ್ ಎಂಬ ಲೂಥರನ್ ಶಾಲೆಯಿತ್ತು. ಅಲ್ಲಿನ ಶಿಕ್ಷಕಿಯೊಬ್ಬರು ಕಲೋಕ್ವಿ ಮುಗಿಸಿ 2000ದಲ್ಲಿ ಕರೆ ಪಡೆದರು. 2004ರಲ್ಲಿ ನಾರ್ಕೊಲೆಪ್ಸಿ, ಅಂದರೆ ಇದ್ದಕ್ಕಿದ್ದಂತೆ ನಿದ್ದೆ ಆವರಿಸುವ ಕಾಯಿಲೆ ಬಂದು ರಜೆ ಹಾಕಿದರು. ಮರಳಿ ಬರುತ್ತೇನೆಂದಾಗ ಶಾಲೆ ಅವರ ಜಾಗಕ್ಕೆ ಬೇರೆಯವರನ್ನು ತಂದಿತ್ತು. ರಾಜೀನಾಮೆ ಕೊಡಲು ಅವರು ಒಪ್ಪಲಿಲ್ಲ. ಕಾನೂನಿನ ಮೊರೆ ಹೋಗುತ್ತೇನೆ ಎಂದರು. ಸಭೆ ಮತ ಹಾಕಿ ಕರೆಯನ್ನು ಹಿಂತೆಗೆದುಕೊಂಡಿತು. ಜಗಳವನ್ನು ಚರ್ಚಿನೊಳಗೇ ತೀರಿಸಿಕೊಳ್ಳಬೇಕೆಂಬ ಕಟ್ಟಳೆ ಮುರಿದರು ಎಂಬುದು ಸಭೆಯ ವಾದ.

ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2012ರ ಜನವರಿ 11ರಂದು ಒಂಬತ್ತೂ ನ್ಯಾಯಮೂರ್ತಿಗಳು ಸಭೆಯ ಪರ ನಿಂತರು. ಆಕೆ ಧಾರ್ಮಿಕ ಕೆಲಸಕ್ಕೆ ಕೊಡುತ್ತಿದ್ದದ್ದು ದಿನಕ್ಕೆ ಮುಕ್ಕಾಲು ಗಂಟೆ. ಉಳಿದದ್ದು ಗಣಿತ, ವಿಜ್ಞಾನದಂಥ ಪಾಠ. ಆದರೆ ಅವರ ಪದನಾಮ, ಅದರ ಹಿಂದಿನ ಓದು, ಪರೀಕ್ಷೆ, ಕರೆ, ಮಾಡುತ್ತಿದ್ದ ಧರ್ಮಬೋಧೆ ಇವನ್ನೆಲ್ಲ ಒಟ್ಟಿಗೆ ತೂಗಿದ ಕೋರ್ಟು, ಆಕೆ ಧರ್ಮಸೇವಕಿ ಎಂದಿತು. ತನ್ನ ಸೇವಕರು ಯಾರಿರಬೇಕು ಎಂಬುದನ್ನು ಚರ್ಚೇ ತೀರ್ಮಾನಿಸಬೇಕು. ಅಂಗವೈಕಲ್ಯದ ಕಾರಣಕ್ಕೆ ಕೆಲಸ ಕಳೆದುಕೊಳ್ಳದಂತೆ ಕಾಯುವ ಕಾನೂನು ಅಲ್ಲಿಗೆ ಬರಲಾರದು. ಕಷ್ಟಪಟ್ಟು ಗಳಿಸಿದ ಮಾನ್ಯತೆಯೇ ಆಕೆಯ ರಕ್ಷಣೆಯನ್ನು ಕಳಚಿತು.

ಚರ್ಚಿನ ಸ್ವಾತಂತ್ರ್ಯ ದೊಡ್ಡದು, ನಿಜ. ಆದರೆ ಕೋರ್ಟು ಸಭೆಯ ಹಕ್ಕನ್ನು ಒಪ್ಪಿದಷ್ಟೂ ಸಭೆಯ ಹೊಣೆ ಭಾರವಾಗುತ್ತದೆ. ಕರೆದು ತಂದವರು ಕಾಯಿಲೆ ಬಿದ್ದಾಗ ಕೈಹಿಡಿಯಬೇಕಾದದ್ದು ಸಭೆಯೇ; ಇನ್ಯಾರನ್ನೂ ಕೇಳುವ ಹಾಗಿಲ್ಲ. ಶಿಕ್ಷಕರನ್ನು ‘ನಮ್ಮವರು’ ಎಂದು ಕರೆಯುವ ಯಾವ ಸಂಸ್ಥೆಯೂ ಈ ಮಾತನ್ನು ಮರೆಯಬಾರದು.

ಶಾಲೆಗೂ ಪರೀಕ್ಷೆ, ಮುಖ್ಯಸ್ಥರಿಗೂ ಪಾಠ

ಶಿಕ್ಷಕರಂತೆಯೇ ಶಾಲೆಯೂ ಮಾನ್ಯತೆ ಪಡೆಯಬೇಕು. ನ್ಯಾಷನಲ್ ಲೂಥರನ್ ಸ್ಕೂಲ್ ಅಕ್ರೆಡಿಟೇಶನ್ ಎಂಬ ವ್ಯವಸ್ಥೆ ಅದಕ್ಕಿದೆ. ಶಾಲೆ ಮೊದಲು ತನ್ನನ್ನು ತಾನೇ ಒರೆಗೆ ಹಚ್ಚಿಕೊಂಡು ಬರೆಯಬೇಕು: ನಮ್ಮ ಉದ್ದೇಶವೇನು, ಪಾಠ ಹೇಗೆ ನಡೆಯುತ್ತಿದೆ, ಶಿಕ್ಷಕರ ಅರ್ಹತೆಯೇನು, ಆಡಳಿತ ಸರಿಯಿದೆಯೇ, ಕಟ್ಟಡ ಮಕ್ಕಳಿಗೆ ಸುರಕ್ಷಿತವೇ. ಆಮೇಲೆ ಬೇರೆ ಶಾಲೆಗಳ ಅನುಭವಿಗಳ ತಂಡ ಬಂದು ತರಗತಿಗಳಲ್ಲಿ ಕೂರುತ್ತದೆ, ಶಿಕ್ಷಕರನ್ನು, ಪೋಷಕರನ್ನು ಮಾತಾಡಿಸುತ್ತದೆ, ಬರೆದದ್ದಕ್ಕೂ ಕಂಡದ್ದಕ್ಕೂ ತಾಳೆ ನೋಡುತ್ತದೆ. ಮಾನ್ಯತೆ ಸಿಕ್ಕಿದರೂ ಶಾಶ್ವತವಲ್ಲ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಅದೇ ಕೆಲಸ, ನಡುವೆ ವರ್ಷವರ್ಷದ ವರದಿ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಖಾಸಗಿ ಶಾಲೆಯ ಶಿಕ್ಷಕರಿಗೆ ಸರ್ಕಾರಿ ಪರವಾನಗಿ ಕಡ್ಡಾಯವಿಲ್ಲದ ಕಾರಣ ಈ ಒಳತಪಾಸಣೆಗೆ ಹೆಚ್ಚಿನ ತೂಕ. ಸ್ಯಾಕ್ಸನಿಯ ಕೆಸರುದಾರಿಯಲ್ಲಿ ಊರೂರು ಸುತ್ತಿದ ಆ ಹಳೆಯ ತಂಡಗಳ ಹೆಜ್ಜೆ ಇಲ್ಲಿ ಕಾಣುತ್ತದೆ.

ಒಳ್ಳೆಯ ಶಿಕ್ಷಕರೆಲ್ಲ ಒಳ್ಳೆಯ ಮುಖ್ಯೋಪಾಧ್ಯಾಯರಾಗುವುದಿಲ್ಲ ಎಂಬುದೂ ಇವರಿಗೆ ಅನುಭವದಿಂದ ತಿಳಿದಿದೆ. ಲೂಥರನ್ ಶಾಲೆಯ ಮುಖ್ಯಸ್ಥರು ಆಯವ್ಯಯ ನೋಡಬೇಕು, ಪಾದ್ರಿಯ ಜೊತೆ ಹೊಂದಿಕೊಳ್ಳಬೇಕು, ಸಭೆಯ ಮುಂದೆ ಲೆಕ್ಕ ಒಪ್ಪಿಸಬೇಕು, ಅಳುತ್ತಾ ಬಂದ ಮಗುವನ್ನು ಸಮಾಧಾನಪಡಿಸಬೇಕು. ಅದಕ್ಕಾಗಿ ಮುಖ್ಯಸ್ಥರಾಗಬಲ್ಲವರನ್ನು ಮೊದಲೇ ಗುರುತಿಸಿ, ಪಳಗಿದ ಹಿರಿಯರ ಜೊತೆ ಜೋಡಿಸಿ ತರಬೇತಿ ಕೊಡುವ ಏರ್ಪಾಡಿದೆ.

ಆದರೂ ಶಿಕ್ಷಕರನ್ನು ತಯಾರು ಮಾಡುವ ಬುಡವೇ ಸಡಿಲವಾಗುತ್ತಿದೆ. ಓರೆಗನ್‌ನ ಪೋರ್ಟ್‌ಲಂಡ್‌ನಲ್ಲಿದ್ದ ಕಾನ್‌ಕಾರ್ಡಿಯ ವಿಶ್ವವಿದ್ಯಾಲಯ 2020ರಲ್ಲಿ ಮುಚ್ಚಿತು. ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನದು 2021ರಲ್ಲಿ. ಕರೆ ಪಡೆದ ಶಿಕ್ಷಕರು ಸಾಲದೆ, ಒಪ್ಪಂದದ ಮೇಲೆ ಬರುವವರನ್ನು ನೆಚ್ಚುವ ಶಾಲೆಗಳು ಅನೇಕ. ಕಲೋಕ್ವಿಯ ದಾರಿಯನ್ನು ಸುಗಮ ಮಾಡಲು ಸಿನಡ್ ಮುತುವರ್ಜಿ ತೋರುವುದು ಅದಕ್ಕೇ.

ಕೃಷ್ಣಗಿರಿಯ ನಂಟು

ಈ ಪರಂಪರೆಯ ಒಂದು ಎಳೆ ನಮ್ಮ ಗಡಿಯವರೆಗೂ ಬಂದಿದೆ. 1895ರಲ್ಲಿ ಮಿಸೌರಿ ಸಿನಡ್ ಭಾರತದಲ್ಲಿ ಕೆಲಸ ಶುರು ಮಾಡಿದ್ದು ಕೃಷ್ಣಗಿರಿಯಲ್ಲಿ; ಬೆಂಗಳೂರಿನಿಂದ ಹೊಸೂರು ದಾಟಿ ಚೆನ್ನೈ ಹೆದ್ದಾರಿ ಹಿಡಿದರೆ ಸಿಗುವ ಅದೇ ಊರು. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಆಂಬೂರು. ಅಲ್ಲಿ ಕಾನ್‌ಕಾರ್ಡಿಯ ಹೆಸರಿನ ಶಾಲೆ ಇಂದಿಗೂ ನಡೆಯುತ್ತಿದೆ. ಆಂಬೂರು ಬಿರಿಯಾನಿಗೆ ನಿಲ್ಲುವ ಕನ್ನಡಿಗರು ಆ ಹೆಸರನ್ನು ಕಂಡರೆ, ಅದು ಆಡಿಸನ್‌ನ ಮೇಷ್ಟ್ರುಗಳ ಬಳಗದ್ದು ಎಂದು ನೆನೆಯಬಹುದು.

ಕರೆಯ ಈ ಪದ್ಧತಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಒಂದು ವಾಡಿಕೆ. ಒಂದು ಶಾಲೆಯಲ್ಲಿ ಕಲಿಸುತ್ತಿರುವ ಶಿಕ್ಷಕಿಗೆ ಇನ್ನೊಂದು ಊರಿನ ಸಭೆಯಿಂದ ಕರೆ ಬಂತೆನ್ನಿ. ಆಕೆ ಅದನ್ನು ಗುಟ್ಟಾಗಿಡುವುದಿಲ್ಲ. ಎರಡು ಕರೆ ಕೈಯಲ್ಲಿವೆ ಎಂದು ಇರುವ ಸಭೆಗೂ ತಿಳಿಸುತ್ತಾಳೆ. ಎಲ್ಲಿ ನನ್ನ ಅಗತ್ಯ ಹೆಚ್ಚು ಎಂದು ಕೆಲವು ವಾರ ಯೋಚಿಸುತ್ತಾಳೆ, ಪ್ರಾರ್ಥಿಸುತ್ತಾಳೆ, ಸಲಹೆ ಕೇಳುತ್ತಾಳೆ. ಪೋಷಕರು ಬಂದು ತಮಗೆ ಅನಿಸಿದ್ದು ಹೇಳುತ್ತಾರೆ. ಅತ್ತ ಕರೆದ ಊರು ಕಾಯುತ್ತದೆ. ಇತ್ತ ಇರುವ ಊರೂ ಕಾಯುತ್ತದೆ. ಒಬ್ಬ ಶಾಲಾ ಶಿಕ್ಷಕಿಯ ಉತ್ತರಕ್ಕಾಗಿ ಎರಡು ಊರು ಉಸಿರು ಹಿಡಿದು ಕೂರುವ ಆ ಕೆಲವು ವಾರಗಳಿಗಿಂತ ದೊಡ್ಡ ಮಾನ್ಯತೆಯನ್ನು ಯಾವ ಸಮಿತಿಯೂ ಕೊಡಲಾರದು.